ಚಿರತೆ ‘ಪ್ರತ್ಯಕ್ಷ’ವಾಗುವುದಿಲ್ಲ

ಓದುಗರ ಪತ್ರ: ಕಳೆದ ಭಾನುವಾರ ಬೆಳಿಗ್ಗೆ ಆರೂವರೆಗೆ ಮಗಳೊಂದಿಗೆ ಸಾವನದುರ್ಗ ಹತ್ತುತ್ತಿದ್ದಾಗ ನಮ್ಮ ಮುಂದಿನ ಬಂಡೆಯ ಮೇಲೆ ಚಿರತೆ ಪ್ರತ್ಯಕ್ಷವಾಯಿತು. ನಮ್ಮನ್ನು ನೋಡಿ, ಬಾಲ ಎತ್ತಿಕೊಂಡು ಮರೆಯಾಯಿತು. ಬೆಂಗಳೂರಿಗೆ ಇಷ್ಟು ಹತ್ತಿರದಲ್ಲಿ ಇಂಥ ಪ್ರಾಣಿ ಇರಬಹುದೇ? ಬೋನಿಟ್ಟು ಹಿಡಿದು ದೊಡ್ಡ ಕಾಡಿಗೆ ಏಕೆ ಸಾಗಿಸಬಾರದು? ಮಗಳು ಮಾತ್ರ ಅಂದಿನಿಂದ ಅದರ ಚಿತ್ರವನ್ನೇ ಬರೆಯುತ್ತಿದ್ದಾಳೆ.
— ಓದುಗರೊಬ್ಬರು, ಕೆಂಗೇರಿ

ಸಂಪಾದಕರ ಉತ್ತರ: ಮಗಳ ಕೈ ಹಿಡಿದುಕೊಂಡಿದ್ದ ತಂದೆಗೆ ಎದೆ ನಡುಗಿದ್ದರೆ ಅದು ಸಹಜ. ತಿ. ನರಸೀಪುರ ತಾಲ್ಲೂಕಿನಲ್ಲಿ 2022–23ರಲ್ಲಿ ಚಿರತೆಯ ಬಾಯಿಗೆ ಮಕ್ಕಳನ್ನು ಕಳೆದುಕೊಂಡ ಮನೆಗಳಿವೆ. ಅಲ್ಲಿ ಬೋನು ಬೇಕಿತ್ತು, ಇಟ್ಟರು. ಅದಕ್ಕೆ ನನ್ನ ತಕರಾರಿಲ್ಲ.

ಆದರೆ ನಿಮ್ಮ ಪತ್ರದ ಒಂದು ಪದ ನನ್ನನ್ನು ಎರಡು ದಿನ ಕಾಡಿತು. ‘ಪ್ರತ್ಯಕ್ಷ’. ತಪ್ಪು ನಿಮ್ಮದಲ್ಲ, ನಮ್ಮ ವೃತ್ತಿಯದು. ‘ಚಿರತೆ ಪ್ರತ್ಯಕ್ಷ: ಜನರಲ್ಲಿ ಆತಂಕ’ ಎಂಬ ತಲೆಬರಹವನ್ನು ಕನ್ನಡ ಪತ್ರಿಕೆಗಳು ಎಷ್ಟು ಸಲ ಅಚ್ಚು ಹಾಕಿವೆಯೋ! ಇಲ್ಲದ ಜಾಗದಲ್ಲಿ ಥಟ್ಟನೆ ಕಾಣಿಸಿಕೊಳ್ಳುವುದಕ್ಕಲ್ಲವೇ ಪ್ರತ್ಯಕ್ಷ ಎನ್ನುವುದು? ಸಾವನದುರ್ಗದ ಚಿರತೆ ಹಿಂದಿನ ರಾತ್ರಿಯೂ ಅಲ್ಲೇ ಇತ್ತು. ಕರಿಗುಡ್ಡ, ಬಿಳಿಗುಡ್ಡಗಳ ಸಂದಿನಲ್ಲಿ ಅದರ ತಾಯಿಯೂ ಮರಿ ಹಾಕಿರಬಹುದು. ಸಾವನದುರ್ಗ ಇರುವ ಮಾಗಡಿ ತಾಲ್ಲೂಕಿನಲ್ಲೇ ಸಾಲುಮರದ ತಿಮ್ಮಕ್ಕನವರ ಊರಿನ ಹೆಸರು ಹುಲಿಕಲ್. ಪಕ್ಕದ ಕುಣಿಗಲ್ ಸೀಮೆಯಲ್ಲಿ ಹುಲಿಯೂರುದುರ್ಗ. ಊರಿಗೆ ಹೆಸರಿಟ್ಟ ಹಿರಿಯರಿಗೆ ನೆರೆಹೊರೆಯಲ್ಲಿ ಯಾರಿದ್ದಾರೆಂದು ಗೊತ್ತಿತ್ತು.

ಇನ್ನು ‘ದೊಡ್ಡ ಕಾಡಿಗೆ ಸಾಗಿಸಿ’ ಎಂಬ ಮಾತು. ಮಹಾರಾಷ್ಟ್ರದ ಜುನ್ನರ್ ಸುತ್ತ ಕಬ್ಬಿನ ಗದ್ದೆಗಳ ಚಿರತೆಗಳನ್ನು ಹಿಡಿದು ಹಿಡಿದು ದೂರದ ಕಾಡುಗಳಲ್ಲಿ ಬಿಟ್ಟರು. ಮನುಷ್ಯರ ಮೇಲಿನ ದಾಳಿ ಇಳಿಯಲಿಲ್ಲ, ಏರಿತು. ಬಿಟ್ಟ ಜಾಗಗಳ ಸುತ್ತಲೂ ಶುರುವಾಯಿತು. ವನ್ಯಜೀವಿ ವಿಜ್ಞಾನಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ದಯವಿಟ್ಟು ಓದಿ. ನಾನು ಅದನ್ನು ಓದುವ ಮೊದಲೇ ಮಂಚನಬೆಲೆಯ ಕಡೆ ಮೇಕೆ ಮೇಯಿಸುವ ಒಬ್ಬ ಹಿರಿಯರು ಇದನ್ನೇ ಹೇಳಿದ್ದರು. ಆ ವರ್ಷ ಅವರ ಎರಡು ಮೇಕೆ ಹೋಗಿದ್ದವು. ದೂರು ಕೊಡಲಿಲ್ಲವೇ ಎಂದೆ. “ಇದಕ್ಕೆ ನಮ್ಮ ನಾಯಿ ಗೊತ್ತು, ನಮ್ಮ ದನಿ ಗೊತ್ತು. ಇದನ್ನು ಹಿಡಿದುಕೊಂಡು ಹೋದರೆ ಜಾಗ ಖಾಲಿ ಬೀಳುತ್ತದೆ, ಇನ್ನೊಂದು ಬಂದು ಸೇರುತ್ತದೆ. ಅದಕ್ಕೆ ಏನೂ ಗೊತ್ತಿರುವುದಿಲ್ಲ” ಎಂದರು. ಎರಡು ಮೇಕೆ ಕಳೆದುಕೊಂಡವರ ಮಾತು ಇದು, ಸ್ವಾಮಿ. ನೀವು ಕಳೆದುಕೊಂಡದ್ದು ಏನು?

ಹಿಡಿಯಲು ಹೋದರೆ ಆಗುವುದನ್ನೂ ಕಂಡಿದ್ದೇವೆ. 2022ರ ಆಗಸ್ಟ್‌ನಲ್ಲಿ ಬೆಳಗಾವಿಯ ಗಾಲ್ಫ್ ಮೈದಾನದ ಚಿರತೆಗಾಗಿ ಶಿವಮೊಗ್ಗದ ಸಕ್ರೆಬೈಲು ಆನೆ ಶಿಬಿರದಿಂದ ಆನೆಗಳು ಬಂದವು, ಸುತ್ತಲಿನ ಶಾಲೆಗಳಿಗೆ ದಿನಗಟ್ಟಲೆ ರಜೆ ಕೊಟ್ಟರು. ಅದು ಸಿಗಲೇ ಇಲ್ಲ. ತನ್ನ ದಾರಿ ಹಿಡಿಯಿತು. ಮರುವರ್ಷ ಬೆಂಗಳೂರಿನ ಕೂಡ್ಲು ಬಳಿ ಬೇರೊಂದು ಚಿರತೆ ಸಿಕ್ಕಿತು. ಗುಂಡೇಟು ತಿಂದು ಸತ್ತಿತು. ಅಂದು ನವೆಂಬರ್ 1, ರಾಜ್ಯೋತ್ಸವ.

ಬೆಟ್ಟ ಹತ್ತುವವರು ಚಿರತೆಯೊಂದನ್ನೇ ನೋಡಿ ಹೌಹಾರುವುದೂ ನನಗೆ ನೋವಿನ ಸಂಗತಿ. ದಕ್ಷಿಣದ ಬಂಡೆಗುಡ್ಡಗಳಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಳದಿ ಕೊರಳಿನ ಪಿಕಳಾರ ಹಕ್ಕಿ ನಂದಿಬೆಟ್ಟದಲ್ಲೂ ಇದೆ, ನಿಮ್ಮ ಸಾವನದುರ್ಗದಲ್ಲೂ ಇದೆ. ರಾಮನಗರದ ರಾಮದೇವರ ಬೆಟ್ಟದಲ್ಲಿ ಉದ್ದಕೊಕ್ಕಿನ ರಣಹದ್ದು ಗೂಡು ಕಟ್ಟುತ್ತದೆಂದೇ 2012ರಲ್ಲಿ ಅದನ್ನು ರಣಹದ್ದುಧಾಮ ಮಾಡಿದರು. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವಿನ ಔಷಧಿ ಹೆಣ ತಿಂದ ಹದ್ದುಗಳನ್ನು ನಾಡಿನುದ್ದಕ್ಕೂ ಕೊಂದಿತು. 2006ರಲ್ಲಿ ನಿಷೇಧಿಸುವ ಹೊತ್ತಿಗೆ ಬಹುಪಾಲು ಮುಗಿದಿತ್ತು. ಅಲ್ಲಿ ಬಂಡೆಯ ಮೇಲಿನ ಬಿಳಿ ಹಿಕ್ಕೆಯ ಗೆರೆಗಳನ್ನು ನೋಡುತ್ತ ಒಂದು ಇಡೀ ಮಧ್ಯಾಹ್ನ ಕೂತಿದ್ದೇನೆ. ಒಂದೇ ಒಂದು ಹದ್ದು ತೇಲಿ ಬಂತು. ಕೆಳಗೆ ನೂರಾರು ಜನ ಮೊಬೈಲ್‌ನಲ್ಲಿ ತಮ್ಮ ಮುಖವನ್ನೇ ತೆಗೆದುಕೊಳ್ಳುತ್ತಿದ್ದರು.

ಬೆಟ್ಟದ ಬುಡದ ಕಥೆ ಕೇಳಿ. ರಾಮನಗರ, ಕನಕಪುರಗಳ ಎಷ್ಟೋ ಗುಡ್ಡಗಳು ಕ್ವಾರಿಯ ಪಾಲಾಗಿ ಜಲ್ಲಿಯಾಗಿ ನಮ್ಮ ತಾರಸಿಗಳಲ್ಲಿ ಸೇರಿವೆ. ಬನ್ನೇರುಘಟ್ಟ ಉದ್ಯಾನದ ಸುತ್ತ ಕ್ವಾರಿ, ಕಟ್ಟಡಗಳಿಗೆ ಮಿತಿ ಹಾಕುವ ಪರಿಸರ ಸೂಕ್ಷ್ಮ ವಲಯ 2016ರ ಕರಡಿನಲ್ಲಿ ಸುಮಾರು 269 ಚದರ ಕಿಲೋಮೀಟರ್ ಇತ್ತು. 2020ರ ಅಂತಿಮ ಅಧಿಸೂಚನೆಯಲ್ಲಿ ಸುಮಾರು 169ಕ್ಕೆ ಇಳಿಯಿತು. ಆ ನೂರು ಚದರ ಕಿಲೋಮೀಟರ್‌ಗಾಗಿ ನಮ್ಮ ಪತ್ರಿಕೆಗೆ ಎಷ್ಟು ಪತ್ರ ಬಂದವು ಗೊತ್ತೇ? ಮೂರು. ಚಿರತೆ ಹಿಡಿಸಿ ಎಂದು ಈ ತಿಂಗಳೊಂದರಲ್ಲೇ ಹನ್ನೊಂದು ಬಂದಿವೆ.

ಮತ್ತೆ ಬೆಟ್ಟಕ್ಕೆ ಹೋಗಿ, ಖಂಡಿತ ಹೋಗಿ. ಬಿಸಿಲೇರಿದ ಮೇಲೆ, ನಾಲ್ಕಾರು ಜನ ಸೇರಿ, ಮಾತಾಡುತ್ತ ಹತ್ತಿ. ಮಗು ನಡುವೆ ಇರಲಿ. ಎದುರಾದರೆ ಓಡಬೇಡಿ, ಬಗ್ಗಬೇಡಿ. ನೇರ ನಿಂತು ಮೆಲ್ಲಗೆ ಹಿಂದಕ್ಕೆ ಸರಿಯಿರಿ. ತಿಂದು ಉಳಿದದ್ದನ್ನು ಅಲ್ಲಿ ಎಸೆಯಬೇಡಿ. ಅದಕ್ಕೆ ನಾಯಿ ಬರುತ್ತದೆ, ನಾಯಿಗೆ ಚಿರತೆ ಬರುತ್ತದೆ.

ನಿಮ್ಮ ಮಗಳು ಬರೆದ ಚಿತ್ರಗಳಲ್ಲಿ ಒಂದನ್ನು ನನಗೆ ಕಳುಹಿಸಿ. ಬಾಲದ ತುದಿಯ ಅಡಿಭಾಗವನ್ನು ಅವಳು ಬಿಳಿಯಾಗಿ ಬಿಟ್ಟಿದ್ದರೆ, ಅಂದು ಬೆಟ್ಟದಲ್ಲಿ ನಿಮಗಿಂತ ಚೆನ್ನಾಗಿ ನೋಡಿದವಳು ಅವಳೇ. ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇನೆ. ಚಿತ್ರದ ಕೆಳಗೆ ‘ಸಾವನದುರ್ಗದ ನಿವಾಸಿ’ ಎಂದಷ್ಟೇ ಇರುತ್ತದೆ.