ಪ್ರತಿಕ್ರಿಯೆ: ಕಿಪಿಂಗ್ ಎಲೆಯಿಂದ ಬಿಡಿಸುವಾಗ ಹರಿಯುವುದೇಕೆ?

ಫಿಲಿಪ್ಪೀನ್ಸ್‌ನ ಲುಕ್ಬಾನ್ ಊರಿನ ಪಹಿಯಾಸ್ ಸುಗ್ಗಿ ಹಬ್ಬದ ಕಿಪಿಂಗ್ (ಎಲೆಯ ಮೇಲೆ ಅಕ್ಕಿಹಿಟ್ಟು ಹಚ್ಚಿ ಬೇಯಿಸಿ ಮಾಡುವ ಬಣ್ಣದ ತೆಳು ಹಪ್ಪಳ) ಮನೆಯಲ್ಲಿ ಮಾಡಿದರೆ ಎಲೆಯಿಂದ ಬಿಡಿಸುವಷ್ಟರಲ್ಲಿ ಹರಿದುಹೋಗುತ್ತದೆ ಎಂದು ಕೇಳಿದ್ದೀರಿ. ಬಹುಶಃ ಬಿಸಿ ಇರುವಾಗಲೇ ಕೀಳುತ್ತಿದ್ದೀರಿ. ಬೆಂದ ಅಕ್ಕಿಹಿಟ್ಟು ಬಿಸಿಯಲ್ಲಿ ಅಂಟಂಟಾಗಿರುತ್ತದೆ, ಚೆನ್ನಾಗಿ ಆರಿದ ಮೇಲೆ ಸುಲಭವಾಗಿ ಎಲೆ ಬಿಡುತ್ತದೆ.

ಇನ್ನೊಂದು ಕಾರಣ ತರಿ. ನೆನೆಸಿದ ಅಕ್ಕಿಯನ್ನು ನುಣ್ಣಗೆ ರುಬ್ಬಿ, ತರಿ ಉಳಿದರೆ ಅಲ್ಲಿಂದಲೇ ಸೀಳುತ್ತದೆ. ಲುಕ್ಬಾನ್ ಊರಿನವರು ಹೆಚ್ಚಾಗಿ ಕಬಾಲ್ ಎಂಬ ಮರದ ಎಲೆ ಬಳಸುತ್ತಾರೆ. ಕಾಫಿ, ಕೋಕೋ ಎಲೆಯೂ ಆಗುತ್ತದೆ. ಎಲೆಯಲ್ಲಿ ತೂತಿರಬಾರದು. ನರ ಎದ್ದು ಕಾಣುವ ಬದಿಗೆ ಬಣ್ಣ ಬೆರೆಸಿದ ಹಿಟ್ಟನ್ನು ತೆಳ್ಳಗೆ, ಒಂದೇ ಸಮ ಹಚ್ಚಿ. ಅಂಚಿನಾಚೆ ಹರಿದ ಹಿಟ್ಟನ್ನು ಆಗಲೇ ಒರೆಸಿಬಿಡಿ, ಇಲ್ಲವಾದರೆ ಅದು ಎಲೆಯ ಹಿಂಬದಿ ಹಿಡಿದುಕೊಳ್ಳುತ್ತದೆ. ಹಬೆಯಲ್ಲಿ ಕೆಲವೇ ನಿಮಿಷ ಸಾಕು. ಮುಚ್ಚಳಕ್ಕೆ ಬಟ್ಟೆ ಕಟ್ಟಿ, ನೀರು ತೊಟ್ಟಿಕ್ಕಿದ ಕಡೆ ಗುಳಿ ಬೀಳುತ್ತದೆ.

ಬಿಡಿಸಿದ್ದನ್ನು ಭಾರದ ಕೆಳಗಿಟ್ಟು ಚಪ್ಪಟೆ ಮಾಡಿ, ನೆರಳಲ್ಲೇ ಒಣಗಿಸಿ. ಬಿರುಬಿಸಿಲಿಗೆ ಹಾಕಿದರೆ ಮುರುಟಿಕೊಂಡು ಬಿರಿಯುತ್ತದೆ. ಮೇ 15ರಂದು, ಹಬ್ಬದ ದಿನ, ರೈತರ ಪೋಷಕ ಸಂತ ಇಸಿದ್ರೊಗೆ ಸುಗ್ಗಿಯ ಕೃತಜ್ಞತೆಯಾಗಿ ಮನೆಮುಂದೆ ಇವನ್ನೇ ಗೊಂಚಲಾಗಿ ತೂಗಿಬಿಡುತ್ತಾರೆ. ಆಮೇಲೆ ಕರಿದು ತಿನ್ನುವುದೂ ಉಂಟು, ಹಾಗಾಗಿ ತಿನ್ನುವ ಬಣ್ಣವನ್ನೇ ಹಾಕಿ.