ಓದುಗರ ಪ್ರಶ್ನೆ, ನಮ್ಮ ಉತ್ತರ: ಹೊಸ ಮಿರರ್‌ಲೆಸ್ ಕ್ಯಾಮೆರಾ, ಹಳೆಯ ಲೆನ್ಸ್‌ಗಳು

ಪ್ರಶ್ನೆ: ನಾನು ಪ್ರೌಢಶಾಲಾ ಶಿಕ್ಷಕ. ಕೆಲವು ವರ್ಷಗಳಿಂದ ಕ್ಯಾನನ್ 1500ಡಿ ಕ್ಯಾಮೆರಾವನ್ನು ಬಳಸುತ್ತಿದ್ದೇನೆ. ಅದರೊಂದಿಗೆ ಬಂದ 18-55, ಆಮೇಲೆ ಕೊಂಡ 55-250 ಮತ್ತು 50 ಮಿ.ಮೀ. ಎಫ್ 1.8 ಲೆನ್ಸ್‌ಗಳು ನನ್ನಲ್ಲಿವೆ. ಇಟಗಿಯ ಮಹಾದೇವ ದೇವಾಲಯದಂಥ ಕಡೆಯ ಶಿಲ್ಪಗಳು, ತುಂಗಭದ್ರೆಯ ದಡದ ಹಕ್ಕಿಗಳು ಮತ್ತು ನೀರುನಾಯಿಗಳು, ಕೊಪ್ಪಳದ ಗವಿಮಠದ ಜಾತ್ರೆ ನನಗೆ ಪ್ರಿಯವಾದ ವಿಷಯಗಳು. ಪರಿಚಯದ ಅಂಗಡಿಯವರು ಕನ್ನಡಿಯಿಲ್ಲದ (ಮಿರರ್‌ಲೆಸ್) ಕ್ಯಾನನ್ ಆರ್10 ಕ್ಯಾಮೆರಾವನ್ನು ಎರಡು ದಿನ ಬಳಸಿ ನೋಡಲು ಕೊಡುವುದಾಗಿ ಹೇಳಿದ್ದಾರೆ. ಅದನ್ನು ಹೇಗೆ ಪರೀಕ್ಷಿಸಬೇಕು? ಕಿಟ್ ಲೆನ್ಸ್ ಆಗಿ 18-45 ಒಳ್ಳೆಯದೋ, 18-150 ಒಳ್ಳೆಯದೋ? ಹಳೆಯ ಲೆನ್ಸ್‌ಗಳನ್ನು ಮಾರಿಬಿಡಬಹುದೇ?
— ಓದುಗರು, ಗಂಗಾವತಿ

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಉಳಿದೆರಡರ ತೀರ್ಮಾನ ಅದನ್ನೇ ಅವಲಂಬಿಸಿದೆ. ಹಳೆಯ ಲೆನ್ಸ್‌ಗಳನ್ನು ಸದ್ಯಕ್ಕೆ ಮಾರಬೇಡಿ. ಕನ್ನಡಿ ಇರುವ ಕ್ಯಾನನ್ ಕ್ಯಾಮೆರಾಗಳಲ್ಲಿ ಲೆನ್ಸ್ ಕೂರುವ ಜಾಗಕ್ಕೂ ಸೆನ್ಸರಿಗೂ ನಡುವೆ 44 ಮಿ.ಮೀ. ಅಂತರವಿದ್ದರೆ, ಆರ್ ಸರಣಿಯಲ್ಲಿ ಅದು 20 ಮಿ.ಮೀ.ಗೆ ಇಳಿದಿದೆ. ಉಳಿದ 24 ಮಿ.ಮೀ. ಜಾಗವನ್ನು ಕಂಪನಿಯದೇ ಅಡಾಪ್ಟರ್ ತುಂಬುತ್ತದೆ. ಅದರೊಳಗೆ ಗಾಜಿಲ್ಲದ ಕಾರಣ ಚಿತ್ರದ ಗುಣಮಟ್ಟ ಕುಗ್ಗುವುದಿಲ್ಲ, ಆಟೋಫೋಕಸ್ ಮತ್ತು ಐಎಸ್ (ಕೈನಡುಕ ತಡೆಯುವ ವ್ಯವಸ್ಥೆ) ಎರಡೂ ಮೊದಲಿನಂತೆಯೇ ಕೆಲಸ ಮಾಡುತ್ತವೆ. ಪರೀಕ್ಷೆಗೆಂದು ಕ್ಯಾಮೆರಾ ತರುವಾಗ ಈ ಅಡಾಪ್ಟರನ್ನೂ ಕೇಳಿ ಪಡೆಯಿರಿ, ಅದಿಲ್ಲದೆ ಎರಡು ದಿನದ ಪರೀಕ್ಷೆ ಅರ್ಧ ಮಾತ್ರ ಆದಂತೆ.

ನಿಮ್ಮ 50 ಮಿ.ಮೀ. ಲೆನ್ಸಿನ ವಿಷಯವನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. 1500ಡಿ ಕ್ಯಾಮೆರಾದಲ್ಲಿ ವ್ಯೂಫೈಂಡರ್ ಮೂಲಕ ತೆಗೆಯುವಾಗ ಫೋಕಸ್ ಅಳೆಯುವುದು ಸೆನ್ಸರ್ ಅಲ್ಲ, ಕೆಳಗಡೆ ಕುಳಿತ ಬೇರೊಂದು ಘಟಕ. ಅದರಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಎಫ್ 1.8ರಲ್ಲಿ ಕಣ್ಣಿನ ಬದಲು ಕಿವಿ ಸ್ಪಷ್ಟವಾಗಿಬಿಡುತ್ತದೆ, ಮತ್ತು ಆ ವ್ಯತ್ಯಾಸವನ್ನು ಸರಿಪಡಿಸುವ ಸೌಲಭ್ಯವೂ ಆ ಮಾದರಿಯಲ್ಲಿಲ್ಲ. ಮಿರರ್‌ಲೆಸ್‌ನಲ್ಲಿ ಚಿತ್ರ ಮೂಡಿಸುವ ಸೆನ್ಸರೇ ಫೋಕಸನ್ನೂ ಅಳೆಯುವುದರಿಂದ ಈ ದೋಷಕ್ಕೆ ಆಸ್ಪದವಿಲ್ಲ. ಮಸುಕು ಎಂದು ನೀವು ಬದಿಗಿಟ್ಟಿರಬಹುದಾದ ಲೆನ್ಸ್ ಹೊಸ ಕ್ಯಾಮೆರಾದಲ್ಲಿ ಚೊಕ್ಕ ಚಿತ್ರ ಕೊಟ್ಟರೆ ಆಶ್ಚರ್ಯಪಡಬೇಕಾಗಿಲ್ಲ.

ಇನ್ನು ಪರೀಕ್ಷೆ. ಮೆಗಾಪಿಕ್ಸೆಲ್ ಹೋಲಿಕೆಯಲ್ಲಿ ಸಮಯ ಕಳೆಯಬೇಡಿ: ನಿಮ್ಮದು 24.1, ಇದು 24.2. ನಿಜವಾದ ಅಂತರವಿರುವುದು ಫೋಕಸಿನಲ್ಲಿ. ಹಳೆಯದರಲ್ಲಿ ಫೋಕಸ್ ಬಿಂದುಗಳು ಒಂಬತ್ತೇ, ಅವುಗಳಲ್ಲೂ ನಿಖರವಾದದ್ದು ನಡುವಿನದೊಂದೇ. ಆರ್10 ಚೌಕಟ್ಟಿನ ಬಹುಪಾಲನ್ನು ವ್ಯಾಪಿಸಿ, ಮನುಷ್ಯರ ಮತ್ತು ಹಕ್ಕಿಗಳ ಕಣ್ಣನ್ನು ತಾನೇ ಗುರುತಿಸಿ ಹಿಂಬಾಲಿಸುತ್ತದೆ. ಇದನ್ನು ಪರೀಕ್ಷಿಸಲು ನಿಮ್ಮ ಊರಿನ ಭತ್ತದ ಗದ್ದೆಗಳಿಗಿಂತ ಉತ್ತಮ ಜಾಗ ಬೇಕಿಲ್ಲ. 55-250 ಲೆನ್ಸನ್ನು ಅಡಾಪ್ಟರಿನೊಂದಿಗೆ ಹಾಕಿ, ಹಾರುತ್ತಿರುವ ಬೆಳ್ಳಕ್ಕಿಗಳನ್ನು ಮೊದಲು ಖಾಲಿ ಆಕಾಶದ ಎದುರು, ಆಮೇಲೆ ತೆಂಗಿನ ಗರಿ ಅಥವಾ ಬಂಡೆಗಳ ಹಿನ್ನೆಲೆಯಲ್ಲಿ ತೆಗೆಯಿರಿ. ಖಾಲಿ ಆಕಾಶದಲ್ಲಿ ಬಹುತೇಕ ಎಲ್ಲ ಕ್ಯಾಮೆರಾಗಳೂ ಪಾಸಾಗುತ್ತವೆ. ಗೊಂದಲದ ಹಿನ್ನೆಲೆಯಲ್ಲಿ ಹತ್ತಕ್ಕೆ ಎಷ್ಟು ಚಿತ್ರಗಳಲ್ಲಿ ಕಣ್ಣು ಸ್ಪಷ್ಟವಾಗಿದೆ ಎಂಬುದನ್ನು ಮನೆಗೆ ಬಂದು ಕಂಪ್ಯೂಟರಿನಲ್ಲಿ ನೂರಕ್ಕೆ ನೂರು ಹಿಗ್ಗಿಸಿ ಎಣಿಸಿ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಎಲ್ಲ ಚಿತ್ರಗಳೂ ಚೆನ್ನಾಗಿಯೇ ಕಾಣುತ್ತವೆ.

ಬಿಳಿ ಹಕ್ಕಿ, ಕಡುಹಸಿರು ಪೈರು ಎಂಬ ಈ ಜೋಡಿ ಇನ್ನೊಂದು ಪರೀಕ್ಷೆಗೂ ಒದಗುತ್ತದೆ. ಎಲೆಕ್ಟ್ರಾನಿಕ್ ವ್ಯೂಫೈಂಡರಿನಲ್ಲಿ ಎಕ್ಸ್‌ಪೋಷರ್ (ಚಿತ್ರಕ್ಕೆ ಬೀಳುವ ಬೆಳಕಿನ ಪ್ರಮಾಣ) ಮೊದಲೇ ಕಾಣುವುದರಿಂದ, ಹಕ್ಕಿಯ ರೆಕ್ಕೆಯ ವಿವರ ಬೆಳಕಿನಲ್ಲಿ ಕಳೆದುಹೋಗುತ್ತಿದ್ದರೆ ಗುಂಡಿ ಒತ್ತುವ ಮೊದಲೇ ತಿದ್ದಿಕೊಳ್ಳಬಹುದು. ನೀವು ಕನ್ನಡಕ ಹಾಕುವವರಾದರೆ ಚೌಕಟ್ಟಿನ ನಾಲ್ಕೂ ಮೂಲೆಗಳು ಒಮ್ಮೆಗೇ ಕಾಣುತ್ತವೆಯೇ ಎಂದು ನೋಡಿಕೊಳ್ಳಿ.

ಸೆಕೆಂಡಿಗೆ 23 ಚಿತ್ರ ಎಂದು ಅಂಗಡಿಯವರು ಹೇಳುವುದು ಎಲೆಕ್ಟ್ರಾನಿಕ್ ಶಟರಿನ ವೇಗ. ಆ ಶಟರ್ ಚಿತ್ರವನ್ನು ಸಾಲು ಸಾಲಾಗಿ ಓದುವುದರಿಂದ ವೇಗವಾಗಿ ಬಡಿಯುವ ರೆಕ್ಕೆ ವಕ್ರವಾಗಿ ಬರುತ್ತದೆ. ಜಾತ್ರೆಯ ರಾತ್ರಿ ಎಲ್‌ಇಡಿ ದೀಪಗಳ ಕೆಳಗೆ ಚಿತ್ರದ ಮೇಲೆ ಅಡ್ಡಪಟ್ಟಿಗಳೂ ಮೂಡಬಹುದು, ಏಕೆಂದರೆ ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಅನೇಕ ದೀಪಗಳು ಸೆಕೆಂಡಿಗೆ ನೂರು ಬಾರಿ ಮಿನುಗುತ್ತವೆ. ಮೆಕ್ಯಾನಿಕಲ್ ಶಟರಿನ 15 ಚಿತ್ರಗಳು ನಿಮಗೆ ಧಾರಾಳವಾಗಿ ಸಾಕು. ಆ ವೇಗದಲ್ಲಿಯೂ ರಾ (ಸಂಸ್ಕರಿಸದ ಕಚ್ಚಾ) ಚಿತ್ರಗಳಿಂದ ಕ್ಯಾಮೆರಾದ ಬಫರ್ (ತಾತ್ಕಾಲಿಕ ಸ್ಮರಣೆ) ಸುಮಾರು ಎರಡು ಸೆಕೆಂಡಿನಲ್ಲಿ ತುಂಬಿ ಕ್ಯಾಮೆರಾ ತಡವರಿಸತೊಡಗುತ್ತದೆ. ದೀಪದ ಬೆಳಕಿನಲ್ಲಿ ಶಟರನ್ನು 1/50 ಅಥವಾ 1/100ರಲ್ಲಿ ಇಟ್ಟುಕೊಂಡರೆ ಪಟ್ಟಿಗಳ ಕಾಟ ಬಹುಮಟ್ಟಿಗೆ ತಪ್ಪುತ್ತದೆ.

ನಮ್ಮ ಭಾಗದವರು ಮರೆಯಬಾರದ ಪರೀಕ್ಷೆಯೆಂದರೆ ಬಿಸಿಲಿನದು. ಇಂಥ ಕ್ಯಾಮೆರಾಗಳಿಗೆ ತಯಾರಕರು ಸಾಮಾನ್ಯವಾಗಿ ಸೂಚಿಸುವ ಗರಿಷ್ಠ ತಾಪಮಾನ 40 ಡಿಗ್ರಿ, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ರಾಯಚೂರು, ಕೊಪ್ಪಳಗಳ ಮಧ್ಯಾಹ್ನ ಅದನ್ನು ದಾಟುವುದು ಹೊಸತೇನಲ್ಲ. ಸ್ಥಿರಚಿತ್ರಕ್ಕೆ ದೊಡ್ಡ ತೊಂದರೆಯಾಗದು; ವಿಡಿಯೊ ತೆಗೆಯುವ ಯೋಚನೆಯಿದ್ದರೆ ಮಾತ್ರ ಹೊರಗಿನ ಬಿಸಿಲಿನಲ್ಲಿ 4ಕೆ ಚಿತ್ರೀಕರಣವನ್ನು ನಿರಂತರವಾಗಿ ನಡೆಸಿ, ಬಿಸಿಯ ಎಚ್ಚರಿಕೆ ಎಷ್ಟು ಹೊತ್ತಿಗೆ ಬರುತ್ತದೆಂದು ನೋಡಿ. ಬ್ಯಾಟರಿಯ ಮಾದರಿ ಬೇರೆಯಾದ್ದರಿಂದ ನಿಮ್ಮ ಹಳೆಯ ಬ್ಯಾಟರಿ ಇದಕ್ಕೆ ಬಾರದು. ವ್ಯೂಫೈಂಡರ್ ಸದಾ ವಿದ್ಯುತ್ ಬಳಸುವುದರಿಂದ ಒಂದು ಹೆಚ್ಚುವರಿ ಬ್ಯಾಟರಿಯ ಬೆಲೆಯನ್ನೂ ಈಗಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಈಗ ಲೆನ್ಸಿನ ಆಯ್ಕೆಗೆ ಬರೋಣ. 18-45 ಹಗುರವಾಗಿದೆ, ಕೇವಲ 130 ಗ್ರಾಂ. ಆದರೆ ಅದರ ಅಪರ್ಚರ್ (ಬೆಳಕು ಒಳಬರುವ ರಂಧ್ರ; ಎಫ್ ಸಂಖ್ಯೆ ಹೆಚ್ಚಿದಷ್ಟೂ ಬೆಳಕು ಕಡಿಮೆ) ಎಫ್ 4.5ರಿಂದ ಆರಂಭವಾಗಿ 6.3ಕ್ಕೆ ಮುಗಿಯುತ್ತದೆ, ನಿಮ್ಮಲ್ಲಿರುವ 18-55 ಅದಕ್ಕಿಂತ ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. ಹೊಸದಕ್ಕೆ ಹಣ ಕೊಟ್ಟು ಬೆಳಕನ್ನು ಕಳೆದುಕೊಳ್ಳುವುದು ನನಗೆ ಸರಿಕಾಣುವುದಿಲ್ಲ. 18-150 ತೆಗೆದುಕೊಳ್ಳಿ, 310 ಗ್ರಾಂ ತೂಕದ ಅದೊಂದೇ ಲೆನ್ಸಿನಲ್ಲಿ ಜಾತ್ರೆಯ ಹಗಲೆಲ್ಲ ಕಳೆಯಬಹುದು.

ಸಿಗ್ಮಾದ 18-50 ಎಫ್ 2.8 ಲೆನ್ಸ್ 2024ರಿಂದ ಆರ್ ಸರಣಿಗೂ ದೊರೆಯುತ್ತಿದೆ, ಎಲ್ಲರೂ ಅದನ್ನು ಹೊಗಳುತ್ತಾರೆ, ಆ ಹೊಗಳಿಕೆಗೆ ಅದು ಅರ್ಹವೂ ಹೌದು. ನಿಮ್ಮ ಸಂದರ್ಭದಲ್ಲಿ ಮಾತ್ರ ಒಂದು ತೊಡಕಿದೆ: ಆ ಲೆನ್ಸಿನಲ್ಲಿ ಕೈನಡುಕ ತಡೆಯುವ ವ್ಯವಸ್ಥೆಯಿಲ್ಲ, ಆರ್10ರ ಬಾಡಿಯಲ್ಲಿಯೂ ಇಲ್ಲ. 1112ರಲ್ಲಿ ಕಟ್ಟಿಸಿದ, ಶಾಸನವೇ ದೇವಾಲಯ ಚಕ್ರವರ್ತಿ ಎಂದು ಕರೆದ ಇಟಗಿಯ ಗುಡಿಯ ನವರಂಗದಲ್ಲಿ ಕಂಬಗಳು ಕದಲುವುದಿಲ್ಲ, ಕದಲುವುದು ನಮ್ಮ ಕೈ. ಅಲ್ಲಿ ಎಫ್ 2.8ಕ್ಕಿಂತ ಐಎಸ್ ಇರುವ 18-150 ಹೆಚ್ಚು ಉಪಯುಕ್ತ, ಏಕೆಂದರೆ 1/8 ಸೆಕೆಂಡಿನಲ್ಲಿಯೂ ಉಸಿರು ಬಿಗಿಹಿಡಿದು ತೆಗೆಯಬಹುದು. ಅದೇ ಜಾತ್ರೆಯ ಸಂಜೆಯಲ್ಲಿ ಜನ ಚಲಿಸುತ್ತಿರುವಾಗ ಐಎಸ್ ನೆರವಿಗೆ ಬಾರದು, ಅಲ್ಲಿ ಬೇಕಾದದ್ದು ಬೆಳಕು, ಎಫ್ 6.3ಕ್ಕೆ ಹೋಲಿಸಿದರೆ ಎಫ್ 2.8 ಸುಮಾರು ಐದು ಪಟ್ಟು ಬೆಳಕು ಕೊಡುತ್ತದೆ. ಆದರೆ ಆ ಕೆಲಸಕ್ಕೆ ನಿಮ್ಮ 50 ಮಿ.ಮೀ. ಎಫ್ 1.8 ಈಗಾಗಲೇ ಕೈಯಲ್ಲಿದೆ. ಗುಡಿಯ ಒಳಗಿನ ಇಕ್ಕಟ್ಟಿಗೆ 18 ಮಿ.ಮೀ. ಸಾಲುತ್ತಿಲ್ಲ ಎಂದು ಪದೇ ಪದೇ ಅನ್ನಿಸಿದರೆ ಮುಂದೆ ಐಎಸ್ ಇರುವ, ಇನ್ನೂ ಅಗಲದ ನೋಟ ಕೊಡುವ 10-18 ಲೆನ್ಸನ್ನು ಯೋಚಿಸಿ. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಮೊದಲೇ ಅನುಮತಿ ಪಡೆಯಬೇಕಾಗುವುದರಿಂದ, ಹೋದ ದಿನವೇ ಅದು ಒದಗುತ್ತದೆಂದು ನಂಬಿಕೊಳ್ಳಬೇಡಿ.

ನೀರುನಾಯಿಗಳಿಗಾಗಿ ದೂರದ್ದನ್ನು ಹತ್ತಿರ ತರುವ 100-400 ಲೆನ್ಸ್ ಕೊಳ್ಳಲು ಆತುರ ಬೇಡ. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿ.ಮೀ. ನದಿಪಾತ್ರ 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿತವಾಯಿತು. ಅಲ್ಲಿ ಅವು ಹೆಚ್ಚಾಗಿ ಕಾಣಿಸಿಕೊಳ್ಳುವುದು ಬೆಳಕು ಕಡಿಮೆಯಿರುವ ಮುಂಜಾನೆ ಮತ್ತು ಸಂಜೆಯ ಹೊತ್ತಿನಲ್ಲಿ. 100-400 ಲೆನ್ಸ್ 635 ಗ್ರಾಂ ತೂಕದ, ಬೆಲೆಗೆ ತಕ್ಕ ಒಳ್ಳೆಯ ಲೆನ್ಸೇ ಆದರೂ 400ರಲ್ಲಿ ಅದರ ಅಪರ್ಚರ್ ಎಫ್ 8, ಅಂದರೆ ನಿಮ್ಮ 55-250 ಕೊನೆಯಲ್ಲಿ ಕೊಡುವ ಎಫ್ 5.6ರ ಅರ್ಧದಷ್ಟೇ ಬೆಳಕು. ಪರೀಕ್ಷೆಯ ಎರಡು ದಿನಗಳಲ್ಲಿ ಒಂದು ಬೆಳಗ್ಗೆ ನದಿಯ ದಡಕ್ಕೆ ಹೋಗಿ, 55-250ರಲ್ಲಿ ಐಎಸ್‌ಒ (ಬೆಳಕಿನ ಸಂವೇದನೆಯ ಮಟ್ಟ) 3200, 6400, 12800 ಮೂರನ್ನೂ ಇಟ್ಟು ಚಿತ್ರ ತೆಗೆಯಿರಿ. 12800ರ ಚಿತ್ರ ನಿಮಗೆ ಒಪ್ಪಿಗೆಯಾದರೆ ಮಾತ್ರ 100-400 ನಿಮ್ಮ ಮುಂಜಾನೆಗಳಿಗೆ ಆದೀತು.

ಕೊಳ್ಳುವ ದಿನ ಯಾವ ಲೆನ್ಸೇ ಇರಲಿ, ಸಮತಟ್ಟಾದ ಕಲ್ಲುಗೋಡೆಯೊಂದಕ್ಕೆ ನೇರವಾಗಿ ನಿಂತು, ಅಪರ್ಚರನ್ನು ಪೂರ್ತಿ ತೆರೆದು ಒಂದು ಚಿತ್ರ ತೆಗೆಯಿರಿ. ನಾಲ್ಕೂ ಮೂಲೆಗಳು ಸ್ವಲ್ಪ ಮೃದುವಾಗಿದ್ದರೆ ಅದು ಆ ಮಾದರಿಯ ಸ್ವಭಾವ. ಒಂದೇ ಮೂಲೆ ಮಸುಕಾಗಿದ್ದರೆ ಒಳಗಿನ ಗಾಜು ಓರೆಯಾಗಿದೆ ಎಂದರ್ಥ, ಬದಲಿಸಿಕೊಡಲು ಕೇಳಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ವಾರಂಟಿ ಭಾರತದಲ್ಲಿ ಅನ್ವಯಿಸುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ.

ಪ್ರಶ್ನೆ: ತಂದೆಯವರ ಹಳೆಯ ನಿಕಾನ್ 50 ಮಿ.ಮೀ. ಎಎಫ್-ಡಿ ಲೆನ್ಸನ್ನು ಜೆಡ್ ಸರಣಿಯ ಮಿರರ್‌ಲೆಸ್ ಕ್ಯಾಮೆರಾದಲ್ಲಿ ಬಳಸಬಹುದೇ?
— ಓದುಗರು, ರಾಯಚೂರು

ಉತ್ತರ: ನಿಕಾನ್‌ನದೇ ಎಫ್‌ಟಿಜೆಡ್ ಅಡಾಪ್ಟರಿನೊಂದಿಗೆ ಬಳಸಬಹುದು, ಆದರೆ ಆಟೋಫೋಕಸ್ ಇರುವುದಿಲ್ಲ. ಆ ಲೆನ್ಸನ್ನು ತಿರುಗಿಸುವ ಮೋಟರ್ ಹಳೆಯ ಬಾಡಿಯೊಳಗೆ ಇರುತ್ತಿತ್ತು, ಅಡಾಪ್ಟರಿನಲ್ಲಿ ಅದಿಲ್ಲ. ಕೈಯಿಂದಲೇ ಫೋಕಸ್ ಮಾಡುವುದಾದರೆ, ಸ್ಪಷ್ಟವಾದ ಅಂಚುಗಳನ್ನು ಬಣ್ಣದಲ್ಲಿ ತೋರಿಸುವ ಪೀಕಿಂಗ್ ಸೌಲಭ್ಯದಿಂದ ಕೆಲಸ ಸುಲಭವಾಗುತ್ತದೆ. ಮೋಟರ್ ತಮ್ಮೊಳಗೇ ಇರುವ ಎಎಫ್-ಎಸ್ ಲೆನ್ಸ್‌ಗಳಿಗೆ ಈ ತೊಂದರೆಯಿಲ್ಲ.

ಪ್ರಶ್ನೆ: ಸಂಡೂರಿನ ರಸ್ತೆಗಳಲ್ಲಿ ಅದಿರಿನ ಕೆಂಧೂಳು ಹೆಚ್ಚು. ಮಿರರ್‌ಲೆಸ್‌ನ ಸೆನ್ಸರಿಗೆ ಧೂಳು ಬೇಗ ಅಂಟುತ್ತದೆಯೇ?
— ಓದುಗರು, ಬಳ್ಳಾರಿ

ಉತ್ತರ: ಅಂಟುತ್ತದೆ. ಲೆನ್ಸ್ ತೆಗೆದಾಗ ಸೆನ್ಸರಿನ ಮುಂದೆ ಕನ್ನಡಿಯ ಮರೆ ಇರುವುದಿಲ್ಲ. ಕ್ಯಾಮೆರಾವನ್ನು ಆಫ್ ಮಾಡಿ, ಬಾಯಿ ಕೆಳಮುಖವಾಗಿ ಹಿಡಿದು, ಸಾಧ್ಯವಾದರೆ ವಾಹನದೊಳಗೆ ಕಿಟಕಿ ಮುಚ್ಚಿ ಲೆನ್ಸ್ ಬದಲಿಸಿ. ಎಫ್ 16ರಲ್ಲಿ ಬರಿಯ ಆಕಾಶವನ್ನು ತೆಗೆದರೆ ಕಲೆಗಳು ಎಲ್ಲಿವೆ ಎಂದು ಕಾಣುತ್ತದೆ. ಗಾಳಿಯೂದುವ ರಬ್ಬರ್ ಬ್ಲೋವರಿನಿಂದ ಹೋಗದ ಕಲೆಯನ್ನು ಬಾಯಿಂದ ಊದಬೇಡಿ, ಬಟ್ಟೆಯಿಂದ ಒರೆಸಲೂ ಬೇಡಿ. ಅದಿರಿನ ಕಣ ಗಡುಸಾದದ್ದು, ಒರೆಸಿದರೆ ಗೀರು ಬೀಳುತ್ತದೆ. ಅಂಥದ್ದನ್ನು ಸರ್ವಿಸ್ ಸೆಂಟರಿನಲ್ಲಿಯೇ ಸ್ವಚ್ಛಗೊಳಿಸಿಕೊಳ್ಳಿ.