ಜೆಬ್ ಬುಷ್‌ಗೆ ಕಮ್ಮಿ ಬಿದ್ದಿದ್ದು ದುಡ್ಡಲ್ಲ

ದುಡ್ಡು, ಮನೆತನ, ಪಕ್ಷದ ಘಟಾನುಘಟಿಗಳ ಬೆಂಬಲ ಎಲ್ಲ ಇದ್ದೂ 2016ರ ಅಮೆರಿಕ ಅಧ್ಯಕ್ಷ ಚುನಾವಣೆಗೆ ಅಭ್ಯರ್ಥಿಯನ್ನ ಆರಿಸೋ ರಿಪಬ್ಲಿಕನ್ ಪ್ರೈಮರಿಯಲ್ಲಿ (ಪಕ್ಷದೊಳಗಿನ ಮತದಾನ) ಫ್ಲಾರಿಡಾದ ಮಾಜಿ ಗವರ್ನರ್ ಜೆಬ್ ಬುಷ್ ಯಾಕೆ ಮಕಾಡೆ ಮಲಗಿದರು ಅಂತ ಕೇಳಿದ್ದೀರಿ. ನನ್ನ ಪ್ರಕಾರ ಆ ದುಡ್ಡೇ ದಾರಿ ತಪ್ಪಿಸಿತು. ಅವರ ಪರ ಇದ್ದ ಸೂಪರ್ ಪ್ಯಾಕ್ (ಅಭ್ಯರ್ಥಿ ಪರ ಮಿತಿಯಿಲ್ಲದೆ ದುಡ್ಡು ಎತ್ತಿ ಪ್ರಚಾರ ಮಾಡೋ ಪ್ರತ್ಯೇಕ ಸಂಘಟನೆ) ಎತ್ತಿದ ದುಡ್ಡು 2015ರ ಮಧ್ಯಕ್ಕೇ 10 ಕೋಟಿ ಡಾಲರ್ ದಾಟಿತ್ತು. ಕೊಟ್ಟವರು ಬಹುಪಾಲು ಸಿರಿವಂತರು. ಆದ್ರೆ ಪ್ರೈಮರಿಯಲ್ಲಿ ವೋಟು ಹಾಕೋರು ಪಕ್ಷದ ಕಟ್ಟಾ ಮಂದಿ. ವಲಸೆ ಬಗ್ಗೆ ಅವರಿಗಿದ್ದ ಸಿಟ್ಟನ್ನ ಹಿಡಿದಿದ್ದು ಟ್ರಂಪ್. ಜೆಬ್‌ಗೋ, ಅಣ್ಣ, ಮಾಜಿ ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್ ಮಾಡಿದ ಇರಾಕ್ ಯುದ್ಧ ಸರಿಯಿತ್ತಾ ಅನ್ನೋ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಡೋಕೇ ದಿನಗಟ್ಟಲೆ ಬೇಕಾಯ್ತು! ಸಾಲದ್ದಕ್ಕೆ ಕಣದಲ್ಲಿದ್ದ ಇತರ ಅಭ್ಯರ್ಥಿಗಳಾದ ರೂಬಿಯೊ, ಕೇಸಿಕ್, ಕ್ರಿಸ್ಟಿ ಜೆಬ್ ನೆಚ್ಚಿಕೊಂಡಿದ್ದ ವೋಟಿಗೇ ಕೈಹಾಕಿದ್ರು. ಜೆಬ್ ಪರ ಸೂಪರ್ ಪ್ಯಾಕ್‌ನ ಜಾಹೀರಾತುಗಳು ಟ್ರಂಪ್‌ಗಿಂತ ಹೆಚ್ಚಾಗಿ ರೂಬಿಯೊ ಮೇಲೆ ಮುಗಿಬಿದ್ದವು. ಕೊನೆಗೆ ಸೌತ್ ಕೆರೊಲಿನಾ ರಾಜ್ಯದ ಪ್ರೈಮರಿ ಪ್ರಚಾರಕ್ಕೆ ಅಣ್ಣನನ್ನೇ ಕರೆಸಿದ್ರೂ ಸಿಕ್ಕಿದ್ದು ನಾಲ್ಕನೇ ಸ್ಥಾನ, ಅವತ್ತು ರಾತ್ರಿಯೇ ಕಣದಿಂದ ಹಿಂದೆ ಸರಿದರು.